ಸಕ್ಕರೆಯ ಸಿಹಿಯೂ ಬಾವಿಯ ನೀರೂ

ಸಂಕ್ರಾಂತಿಯ ಈ ಸಂಚಿಕೆ ವಾಚಕರ ಕೈಸೇರುವ ಹೊತ್ತಿಗೆ ನಮ್ಮೆಲ್ಲರ ಮನೆಗಳಲ್ಲಿ ಎಳ್ಳು-ಬೆಲ್ಲ, ಕುಸುರೆಳ್ಳು ಸಿದ್ಧವಾಗಿರುತ್ತವೆ. ನೆರೆಮನೆಯ ಮರಾಠಿ ಬಂಧುಗಳು ತಿಳಗೂಳ ಹಿಡಿದು ಬಾಗಿಲಿಗೆ ಬಂದಿರುತ್ತಾರೆ. ಇದೇ ಸಮಯಕ್ಕೆ ಪುಣೆಯಿಂದ ಊರಿಗೆ ಹೊರಟವರ ಬಸ್ಸು ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಿರುತ್ತದೆ. ಸಕ್ಕರೆ ಕಾರ್ಖಾನೆ ಸಮೀಪಿಸಿತೆಂಬುದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ, ಹಿರಿಯರು ಕಿಟಕಿ ಎಳೆಯುತ್ತಾರೆ, ಬಸ್ಸು ಮುಂದೆ ಸಾಗುತ್ತದೆ. ಆ ವಾಸನೆಯ ಹಿಂದೆ ನೂರು ವರ್ಷಕ್ಕೂ ಮೀರಿದ ಒಂದು ಇತಿಹಾಸವಿದೆ. ಅದನ್ನು ನನಗೆ ತಿಳಿದ ಮಟ್ಟಿಗೆ ಹೇಳುವ ಪ್ರಯತ್ನ ಈ ಲೇಖನ.

ಮೊದಲು ಮನೆಯ ಒಂದು ಸಂಗತಿ. ೨೦೦೨ರಲ್ಲಿ, ನಾನು ಬಿ.ಎಸ್‌ಸಿ. ಮುಗಿಸಿ ನೌಕರಿಯ ಪರೀಕ್ಷೆಗಳಿಗೆ ಕೂಡುತ್ತಿದ್ದ ದಿನಗಳಲ್ಲಿ, ಸೋದರತ್ತೆಯ ಊರಿಗೆ ಹೋಗಿದ್ದೆ. ಊರಿನ ಹೆಸರೂ ಕಾರ್ಖಾನೆಯ ಹೆಸರೂ ಇಲ್ಲಿ ಬೇಡ. ಅಂಥ ಊರುಗಳು ಹಲವಿವೆ. ಅತ್ತೆ ಹೊಲದ ಬಾವಿಯಿಂದ ಒಂದು ಕೊಡ ನೀರು ಸೇದಿ ನನ್ನ ಮುಂದಿಟ್ಟರು. ನೀರು ತೆಳು ಚಹದ ಬಣ್ಣಕ್ಕಿತ್ತು. "ಬಿಎಸ್ಸಿ ಕಲ್ತೀಯಲ್ಲೋ ತಮ್ಮಾ, ಈ ನೀರಿಗೆ ಏನಾಗೇತಿ ಹೇಳ ನೋಡೂಣು" ಎಂದರು. ಬಾವಿಯ ಮೇಲುಗಡೆ, ಎರಡು ಹೊಲಗಳಾಚೆ, ಕಾರ್ಖಾನೆಯವರು ತ್ಯಾಜ್ಯ ನೀರು ನಿಲ್ಲಿಸುವ ಮಣ್ಣಿನ ಹೊಂಡ ತೋಡಿದ್ದರು. ನಾನು ಒಂದು ಸೀಸೆ ನೀರನ್ನು ಕಾಲೇಜಿಗೆ ಒಯ್ದು, ಗುರುಗಳ ಅನುಮತಿ ಪಡೆದು, ಗಡಸುತನವನ್ನೂ ಕ್ಲೋರೈಡನ್ನೂ ಪರೀಕ್ಷಿಸಿದೆ. ಸಿಲ್ವರ್ ನೈಟ್ರೇಟ್ ಸುರಿಯುತ್ತಲೇ ಹೋಯಿತು. ಬಣ್ಣ ತಿರುಗಲು ಬ್ಯುರೆಟ್ಟನ್ನು ಮತ್ತೊಮ್ಮೆ ತುಂಬಬೇಕಾಯಿತು. ಮರಳಿ ಹೋಗಿ "ಕುಡೀಬ್ಯಾಡ್ರಿ ಅತ್ತಿ" ಎಂದೆ. "ನಮಗೇನೋ ನಳದ ನೀರ ತರತೇವಿ, ದನಕ್ಕ ಏನ ಕುಡಸೂದು?" ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕಬ್ಬಿನಿಂದ ಬೆಲ್ಲ ಮಾಡುವುದು ನಮ್ಮಲ್ಲಿ ಪುರಾತನ ಕಾಲದಿಂದ ಬಂದ ಕಸುಬು. ಬೆಲ್ಲದ ಗಾಣದಲ್ಲಿ ರಸದ ನೀರೆಲ್ಲ ಕೊಪ್ಪರಿಗೆಯಿಂದ ಆವಿಯಾಗಿ ಆಕಾಶಕ್ಕೆ ಹೋಗುತ್ತದೆ. ಕಾಕಂಬಿಯನ್ನು ಬೇರ್ಪಡಿಸುವ ಮಾತೇ ಇಲ್ಲ, ಅದು ಬೆಲ್ಲದೊಳಗೇ ಉಳಿಯುತ್ತದೆ. ಹೀಗಾಗಿ ಹೊರಬೀಳುವ ಹೊಲಸು ನೀರು ಅಲ್ಪ. ಕಾರ್ಖಾನೆಯ ರೀತಿ ಬೇರೆ. ಅಲ್ಲಿ ರಸಕ್ಕೆ ಸುಣ್ಣವನ್ನೂ ಗಂಧಕದ ಹೊಗೆಯನ್ನೂ ಕೊಟ್ಟು ಶುದ್ಧಿ ಮಾಡುತ್ತಾರೆ. ಯಂತ್ರಗಳನ್ನು ತಂಪು ಮಾಡಬೇಕು, ನೆಲ ತೊಳೆಯಬೇಕು, ರಸ ಕಾಯಿಸುವ ಪಾತ್ರೆಗಳಿಗೆ ಅಂಟಿದ ಹರಳನ್ನು ಕಾಸ್ಟಿಕ್ ಸೋಡಾದಿಂದ ತೆಗೆಯಬೇಕು. ಸೋರಿದ ರಸ, ಎಣ್ಣೆ, ಜಿಡ್ಡು ಎಲ್ಲವೂ ಅದೇ ನೀರಿಗೆ ಸೇರುತ್ತವೆ. ಹಳೆಯ ಪದ್ಧತಿಯ ಕಾರ್ಖಾನೆಗಳಲ್ಲಿ ಒಂದು ಟನ್ ಕಬ್ಬಿಗೆ ಸುಮಾರು ೧,೦೦೦ ಲೀಟರ್ ತ್ಯಾಜ್ಯ ನೀರು ಎಂಬುದು ರೂಢಿಯ ಲೆಕ್ಕ. ದಿನಕ್ಕೆ ೨,೫೦೦ ಟನ್ ನುರಿಸುವ ಕಾರ್ಖಾನೆಯಾದರೆ ೨೫ ಲಕ್ಷ ಲೀಟರ್! ವಿಚಿತ್ರವೆಂದರೆ ಕಬ್ಬಿನ ತೂಕದಲ್ಲಿ ಸುಮಾರು ೭೦ ಭಾಗ ನೀರೇ ಇರುತ್ತದೆ. ತಾನು ನುರಿಸಿದ ಕಬ್ಬಿನ ನೀರನ್ನೇ ಹಿಡಿದು ಬಳಸಿಕೊಂಡರೆ ಕಾರ್ಖಾನೆಗೆ ಹೊರಗಿನ ನೀರಿನ ಅಗತ್ಯವೇ ಬಹುಮಟ್ಟಿಗೆ ಬೀಳದು.

ಈ ತೊಂದರೆ ಮೊದಲು ಕಂಡದ್ದು ನಮ್ಮ ದೇಶದಲ್ಲಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹಳ್ಳಿಗಳಲ್ಲಿ ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆಯುವ ಕಾರ್ಖಾನೆಗಳು ಎದ್ದವು. ಬ್ರೌನ್‌ಶ್ವೈಗ್ ನಗರದ ಹತ್ತಿರ ಅಂಥ ಒಂದು ಕಾರ್ಖಾನೆಯ ನೀರಿನಿಂದ ಹಳ್ಳ ಕೆಟ್ಟು, ಕೆಳಗಿನ ಹಿಟ್ಟಿನ ಗಿರಣಿಗಳ ಮಾಲೀಕರು ನ್ಯಾಯಾಲಯಕ್ಕೆ ಹೋದರು. ಆ ಊರಿನಲ್ಲೇ ವಾಸವಾಗಿದ್ದ ಲೇಖಕ ವಿಲ್‌ಹೆಲ್ಮ್ ರಾಬೆ ಇದನ್ನೇ ಆಧರಿಸಿ ೧೮೮೪ರಲ್ಲಿ 'ಫಿಸ್ಟರನ ಗಿರಣಿ' ಎಂಬ ಕಾದಂಬರಿ ಪ್ರಕಟಿಸಿದ. ಕಾದಂಬರಿಯಲ್ಲಿ ಗಿರಣಿಯವನು ದಾವೆ ಗೆಲ್ಲುತ್ತಾನೆ, ಆದರೆ ಗಿರಣಿ ಉಳಿಯುವುದಿಲ್ಲ. ಸಕ್ಕರೆಯ ಸುತ್ತ ಮುಂದೆ ನಡೆದ ಅನೇಕ ವ್ಯಾಜ್ಯಗಳಿಗೆ ಈ ಮಾತು ಒಪ್ಪುತ್ತದೆ.

ಹಳ್ಳ ಏಕೆ ಕೆಡುತ್ತದೆ? ಸಕ್ಕರೆ ವಿಷವಲ್ಲವಲ್ಲ? ವಿಷವಲ್ಲ, ಅದು ಆಹಾರ. ತೊಂದರೆ ಇರುವುದೂ ಅಲ್ಲಿಯೇ. ಸಿಹಿ ನೀರು ಸೇರಿದೊಡನೆ ಸೂಕ್ಷ್ಮಜೀವಿಗಳು ವಿಪರೀತ ಬೆಳೆದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸುತ್ತವೆ. ಮೀನು ಸಾಯುತ್ತದೆ, ನೀರು ನಾರುತ್ತದೆ. ಹೀಗೆ ಬೇಕಾಗುವ ಆಮ್ಲಜನಕದ ಅಳತೆಗೆ ಬಿ.ಓ.ಡಿ. ಎಂದು ಹೆಸರು. ಬ್ರಿಟನ್ನಿನಲ್ಲಿ ೧೮೯೮ರಲ್ಲಿ ನೇಮಕವಾದ ರಾಯಲ್ ಕಮಿಷನ್ ೧೯೧೨ರ ತನ್ನ ಎಂಟನೆಯ ವರದಿಯಲ್ಲಿ ಈ ಅಳತೆಯನ್ನು ನೆಲೆಗೊಳಿಸಿತು. ಪರೀಕ್ಷೆಗೆ ಐದು ದಿನಗಳ ಅವಧಿ. ಬ್ರಿಟನ್ನಿನ ಯಾವ ನದಿಯ ನೀರೂ ಐದು ದಿನಗಳೊಳಗೆ ಸಮುದ್ರ ಸೇರುತ್ತದೆ, ಆದ್ದರಿಂದ ಅಷ್ಟು ಸಾಕು ಎಂಬುದು ಅದರ ಹಿಂದಿನ ವಿಚಾರವೆಂದು ಹೇಳುವುದುಂಟು. ಇಲ್ಲಿ ಒಂದು ಸಂಗತಿಯನ್ನು ವಾಚಕರು ನೆನಪಿಡಬೇಕು. ಇಡೀ ಅಳತೆ ಹುಟ್ಟಿದ್ದು ಹರಿಯುವ ನದಿಗಾಗಿ. ಬಾವಿಯ ನೀರು ಐದು ದಿನಗಳಲ್ಲಿ ಸಮುದ್ರಕ್ಕೆ ಹೋಗುವುದಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ೧೯೩೨ರಲ್ಲಿ ಹೊರದೇಶದ ಸಕ್ಕರೆಯ ಮೇಲೆ ಸುಂಕ ಹಾಕಿ ದೇಶೀ ಸಕ್ಕರೆಗೆ ರಕ್ಷಣೆ ಕೊಡುವ ಕಾಯಿದೆ ಬಂದಿತು. ಅದಕ್ಕೆ ಮೊದಲು ದೇಶದಲ್ಲಿದ್ದ ಕಾರ್ಖಾನೆಗಳು ೩೦ರ ಆಸುಪಾಸು. ಕೆಲವೇ ವರ್ಷಗಳಲ್ಲಿ ಅವು ೧೩೦ ದಾಟಿದವು. ಮೈಸೂರು ಸಂಸ್ಥಾನದಲ್ಲಿ ಕೃಷ್ಣರಾಜಸಾಗರದ ನಾಲೆ ಮಂಡ್ಯದ ಒಣ ಭೂಮಿಯನ್ನು ತಣಿಸಿದಾಗ, ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಲೆಸ್ಲಿ ಕೋಲ್‌ಮನ್ ಅವರ ಮುತುವರ್ಜಿಯಿಂದ, ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯಲ್ಲಿ, ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮಹಾರಾಷ್ಟ್ರದಲ್ಲಿ ವಿಠ್ಠಲರಾವ್ ವಿಖೆ ಪಾಟೀಲ ಮತ್ತು ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡ್ಗೀಳರ ಪರಿಶ್ರಮದಿಂದ ೧೯೫೦ರ ಸುಮಾರಿಗೆ ಪ್ರವರಾ ತೀರದ ಲೋಣಿಯಲ್ಲಿ ರೈತರದೇ ಸಹಕಾರಿ ಕಾರ್ಖಾನೆ ನುರಿಸಲು ಆರಂಭಿಸಿತು. ಅದರ ಹಿಂದೆ ಕೃಷ್ಣೆಯ ಎರಡೂ ಕಡೆ, ಗಡಿಯ ಈಚೆಗೂ ಆಚೆಗೂ, ಚಿಮಣಿಗಳು ಎದ್ದವು. ಈ ಕಾರ್ಖಾನೆಗಳು ಹಳ್ಳಿಗೆ ಶಾಲೆ, ಆಸ್ಪತ್ರೆ, ರಸ್ತೆ ತಂದವು. ನನ್ನ ಕಾಲೇಜಿನ ಫೀ ಕಟ್ಟಿದ್ದೂ ಕಬ್ಬಿನ ಬಿಲ್ಲಿನಿಂದಲೇ. ಆದ್ದರಿಂದ ಸಕ್ಕರೆಯನ್ನು ಬೈಯುವ ಹಕ್ಕು ನನಗಿಲ್ಲ, ಅದರ ಲೆಕ್ಕ ಕೇಳುವ ಹಕ್ಕು ಮಾತ್ರ ಇದೆ.

ಸಕ್ಕರೆ ಹೆಚ್ಚಿದಂತೆ ಕಾಕಂಬಿಯೂ ಹೆಚ್ಚಿತು. ನೂರು ಟನ್ ಕಬ್ಬಿಗೆ ನಾಲ್ಕು-ನಾಲ್ಕೂವರೆ ಟನ್ ಕಾಕಂಬಿ. ಅದನ್ನು ಹುಳಿಯಿಟ್ಟು ಮದ್ಯಸಾರ ಇಳಿಸುವ ಡಿಸ್ಟಿಲರಿಗಳು ಕಾರ್ಖಾನೆಗಳ ಪಕ್ಕದಲ್ಲೇ ಬಂದವು. ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸಲು ಕಾಯಿದೆಯೇ ೧೯೪೮ರಲ್ಲಿ ಆಯಿತು. ಆದರೆ ಒಂದು ಲೀಟರ್ ಮದ್ಯಸಾರ ಇಳಿಸಿದರೆ ೧೨ರಿಂದ ೧೫ ಲೀಟರ್ 'ಸ್ಪೆಂಟ್ ವಾಶ್' ಉಳಿಯುತ್ತದೆ. ಬಿಸಿಬಿಸಿಯಾದ, ಹುಳಿಯಾದ, ಕಡುಕಂದು ಬಣ್ಣದ ನೀರು ಅದು. ಊರ ಚರಂಡಿ ನೀರಿನ ಬಿ.ಓ.ಡಿ. ಲೀಟರಿಗೆ ೨೦೦-೩೦೦ ಮಿಲಿಗ್ರಾಂ ಆದರೆ ಇದರದು ೪೦,೦೦೦ಕ್ಕೂ ಮೇಲೆ. ದಿನಕ್ಕೆ ೩೦,೦೦೦ ಲೀಟರ್ ಮದ್ಯಸಾರ ಇಳಿಸುವ ಒಂದು ಡಿಸ್ಟಿಲರಿಯ ಸ್ಪೆಂಟ್ ವಾಶ್ ಶುದ್ಧಿಯಾಗದೆ ಹೊರಬಿದ್ದರೆ, ಸುಮಾರು ಮೂರು ಲಕ್ಷ ಜನರ ಊರಿನ ಚರಂಡಿಗೆ ಸಮ. ಇದು ನಾನು ಕಾಗದದ ಮೇಲೆ ಗುಣಿಸಿ ನೋಡಿದ ಲೆಕ್ಕ. ವಾಚಕರೂ ಮಾಡಿ ನೋಡಬಹುದು, ಒಬ್ಬ ಮನುಷ್ಯನ ದಿನದ ಪಾಲು ೫೪ ಗ್ರಾಂ ಎಂದು ಹಿಡಿದರಾಯಿತು.

ಇದಕ್ಕೆ ಋತುಮಾನದ ಕಷ್ಟವೂ ಸೇರಿಕೊಂಡಿತು. ಕಬ್ಬು ನುರಿಸುವುದು ದೀಪಾವಳಿಯ ಹೊತ್ತಿಗೆ ತೊಡಗಿ ಹೋಳಿಯವರೆಗೆ ನಡೆಯುತ್ತದೆ. ಹಳ್ಳಕೊಳ್ಳಗಳು ಒಣಗುತ್ತ ಬರುವುದೂ ಆಗಲೇ. ತಿಳಿಗೊಳಿಸಲು ಹೊಳೆಯಲ್ಲಿ ನೀರಿಲ್ಲದ ಕಾಲಕ್ಕೇ ಹೊಲಸು ನೀರಿನ ಸುಗ್ಗಿ.

ಮಹಾರಾಷ್ಟ್ರವು ೧೯೬೯ರಲ್ಲಿಯೇ ಜಲಮಾಲಿನ್ಯ ತಡೆಯ ಕಾಯಿದೆ ಮಾಡಿತು. ೧೯೭೪ರಲ್ಲಿ ಕೇಂದ್ರದ ಕಾಯಿದೆ ಬಂದಿತು. ಅದೇ ವರ್ಷ ಕರ್ನಾಟಕದಲ್ಲಿ ಮಂಡಳಿ ರಚನೆಯಾಯಿತು. ನಾನು ಕಾಯಿದೆ-ನಿಯಮಗಳ ನಡುವೆ ಕೆಲಸ ಮಾಡುವವನಾದ್ದರಿಂದ ಅದನ್ನು ತೆರೆದು ಓದಿದೆ. ನೆಲದೊಳಗಿನ ನೀರೂ ಅದರ ವ್ಯಾಖ್ಯೆಯಲ್ಲಿದೆ, ಬಾವಿಯ ಹೆಸರೂ ಸ್ಪಷ್ಟವಾಗಿದೆ. ಕಾಗದದಲ್ಲಿ ಕೊರತೆಯಿಲ್ಲ. ಆದರೆ ತಪಾಸಣೆ ಸುಲಭವಾಗುವುದು ಕೊಳವೆಯ ಬಾಯಿಯಲ್ಲಿ, ಅಂದರೆ ಹೊಳೆಯ ದಂಡೆಯಲ್ಲಿ. ಹೊಳೆಗೆ ಬಿಡುವ ನೀರಿಗೆ ಬಿ.ಓ.ಡಿ. ಮಿತಿ ೩೦, ಹೊಲಕ್ಕೆ ಬಿಡುವುದಾದರೆ ೧೦೦. ಮಣ್ಣು ತಾನೇ ಶುದ್ಧಿ ಮಾಡಿಕೊಳ್ಳುತ್ತದೆ ಎಂಬ ನಂಬಿಕೆ. ಆದ್ದರಿಂದ ಎಷ್ಟೋ ಕಡೆ ಹೊಳೆಯ ದಾರಿ ಮುಚ್ಚಿ ಹೊಂಡದ ದಾರಿ ತೆರೆಯಿತು. ತಳಕ್ಕೆ ಏನೂ ಹಾಸದ ಮಣ್ಣಿನ ಹೊಂಡಗಳಲ್ಲಿ ತ್ಯಾಜ್ಯವನ್ನು ತಿಂಗಳುಗಟ್ಟಲೆ ನಿಲ್ಲಿಸಿದರು. ಹೊಳೆಯಲ್ಲಿ ಸತ್ತ ಮೀನು ಕಾಣುತ್ತದೆ, ಜನ ಗದ್ದಲ ಮಾಡುತ್ತಾರೆ. ನೆಲದೊಳಗೆ ಇಳಿದದ್ದು ಯಾರಿಗೂ ಕಾಣದು. ಹೊಳೆಯನ್ನು ಉಳಿಸಲು ಹೋಗಿ ನಾವು ಬಾವಿಯನ್ನು ಒತ್ತೆಯಿಟ್ಟೆವು ಎಂದೇ ನನ್ನ ಅಭಿಪ್ರಾಯ.

ಮಣ್ಣು ಶುದ್ಧಿ ಮಾಡುವುದಿಲ್ಲವೆ ಎಂದರೆ, ಮಾಡುತ್ತದೆ, ತನ್ನ ಶಕ್ತಿಯಿರುವಷ್ಟು. ಹಿತಮಿತವಾಗಿ ಕೊಟ್ಟರೆ ಮಣ್ಣಿನ ಜೀವಿಗಳು ಸಕ್ಕರೆಯ ಅಂಶವನ್ನು ತಿಂದು ತೇಗುತ್ತವೆ. ಅತಿಯಾದಾಗ ನೆಲದೊಳಗೂ ಆಮ್ಲಜನಕ ಮುಗಿಯುತ್ತದೆ. ಆಗ ಕಲ್ಲು-ಮಣ್ಣಿನಲ್ಲಿ ಭದ್ರವಾಗಿದ್ದ ಕಬ್ಬಿಣ, ಮ್ಯಾಂಗನೀಸ್ ಕರಗಿ ನೀರಿಗೆ ಬರುತ್ತವೆ. ಸಲ್ಫೇಟಿನಿಂದ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹುಟ್ಟುತ್ತದೆ. ಕೊಳೆತದ್ದರಿಂದ ಎದ್ದ ಇಂಗಾಲದ ಡೈಆಕ್ಸೈಡ್ ಕಲ್ಲಿನ ಸುಣ್ಣದ ಅಂಶವನ್ನು ಕರಗಿಸಿ ನೀರನ್ನು ಗಡಸು ಮಾಡುತ್ತದೆ. ಕ್ಲೋರೈಡಿನಂಥ ಉಪ್ಪನ್ನಂತೂ ಯಾವ ಜೀವಿಯೂ ತಿನ್ನದು, ಯಾವ ಮಣ್ಣೂ ಹಿಡಿದಿಡದು. ಅದು ನೀರಿನ ಜೊತೆಗೇ ನಡೆದು ಬಾವಿ ಸೇರುತ್ತದೆ. ಕಾಲೇಜಿನಲ್ಲಿ ನನ್ನ ಬ್ಯುರೆಟ್ಟು ಬರಿದಾದದ್ದು ಈ ಕಾರಣಕ್ಕೆ.

ಇದನ್ನು ವಿದ್ವಾಂಸರೂ ಅಳೆದು ತೋರಿಸಿದ್ದಾರೆ. ಇಂದು ಅಹಿಲ್ಯಾನಗರ ಎನಿಸಿರುವ ಅಹಮದ್‌ನಗರ ಜಿಲ್ಲೆಯ ಸೋನಯಿಯಲ್ಲಿ ಸಕ್ಕರೆ ಕಾರ್ಖಾನೆಯ ತ್ಯಾಜ್ಯದಿಂದ ಅಂತರ್ಜಲ ಕೆಟ್ಟಿರುವ ಬಗ್ಗೆ ಪವಾರ್ ಮತ್ತು ಸಂಗಡಿಗರ ಅಧ್ಯಯನ ೧೯೯೮ರಲ್ಲಿ ಭೂವಿಜ್ಞಾನದ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ದಖ್ಖನಿನ ಕರಿಕಲ್ಲಿನಲ್ಲಿ ನೀರು ಬಿರುಕುಗಳ ಮೂಲಕ ಸಾಗುತ್ತದೆ. ಮೇಲಿನ ಹೊಲಸು ಒಮ್ಮೆ ಬಿರುಕಿಗೆ ಇಳಿಯಿತೆಂದರೆ ಅದು ಯಾರ ಬಾವಿಯಲ್ಲಿ ತಲೆ ಎತ್ತೀತೆಂದು ಮೇಲೆ ನಿಂತು ಹೇಳಲಾಗದು.

ಸುಧಾರಣೆ ಆಗಿಲ್ಲವೆಂದರೆ ತಪ್ಪಾದೀತು. ೨೦೦೩ರಲ್ಲಿ ಕೇಂದ್ರ ಮಂಡಳಿ ಉದ್ಯಮಗಳೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಸಕ್ಕರೆ ಕಾರ್ಖಾನೆಯ ತ್ಯಾಜ್ಯವನ್ನು ಟನ್ ಕಬ್ಬಿಗೆ ೧೦೦ ಲೀಟರಿಗೆ ಇಳಿಸಬೇಕೆಂದೂ, ಡಿಸ್ಟಿಲರಿಗಳು ಸ್ಪೆಂಟ್ ವಾಶನ್ನು ಹೊರಗೆ ಬಿಡಲೇಬಾರದೆಂದೂ ಗುರಿ ಇಡಲಾಯಿತು. ೨೦೧೬ರಲ್ಲಿ ಸಕ್ಕರೆ ಕಾರ್ಖಾನೆಗಳ ನಿಯಮಗಳು ಇನ್ನಷ್ಟು ಬಿಗಿಯಾದವು. ಸ್ಪೆಂಟ್ ವಾಶನ್ನು ಇಂಗಿಸಿ ಬಾಯ್ಲರಿನಲ್ಲಿ ಸುಡುವುದು, ಪ್ರೆಸ್‌ಮಡ್ ಜೊತೆ ಕಲಸಿ ಗೊಬ್ಬರ ಮಾಡುವುದು ರೂಢಿಗೆ ಬಂದಿವೆ. ನಮ್ಮ ಪುಣೆಯ ಹತ್ತಿರದ ಮಾಂಜರಿಯಲ್ಲಿ ೧೯೭೫ರಲ್ಲಿ ಹುಟ್ಟಿದ, ಇಂದು ವಸಂತದಾದಾ ಹೆಸರಿನ ಸಕ್ಕರೆ ಸಂಸ್ಥೆಯಂಥವು ಈ ವಿದ್ಯೆಯನ್ನು ಕಲಿಸುತ್ತಿವೆ. ಆದರೆ ಇನ್ನೊಂದು ಕಡೆ ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣ ೨೦೨೨ರಲ್ಲಿ ನೂರಕ್ಕೆ ಹತ್ತಕ್ಕೂ ೨೦೨೫ರಲ್ಲಿ ಇಪ್ಪತ್ತಕ್ಕೂ ಏರಿತು. ಕಬ್ಬಿನಿಂದ ಡಿಸ್ಟಿಲರಿಗೆ ಹೋಗುವ ಪಾಲು ಹೆಚ್ಚಿದಂತೆಲ್ಲ ಕಾವಲೂ ಹೆಚ್ಚಬೇಕು.

ಅತ್ತೆಯ ಊರಿನ ಕಾರ್ಖಾನೆಯೂ ಆಮೇಲೆ ಶುದ್ಧೀಕರಣ ಘಟಕ ಕಟ್ಟಿತು, ಆ ಹೊಂಡವನ್ನು ಮುಚ್ಚಿಸಿತು. ಹಳ್ಳದ ನೀರು ಎರಡೇ ಮಳೆಗಾಲಗಳಲ್ಲಿ ತಿಳಿಯಾಯಿತು. ಬಾವಿಯ ನೀರಿನ ಬಣ್ಣ ಹೋಗಲು ವರ್ಷಗಳೇ ಹಿಡಿದವು. ರುಚಿ ಇನ್ನೂ ಮರಳಿಲ್ಲ. ಹೊಳೆಗೆ ಮಳೆಗಾಲವೆಂಬ ಪ್ರಾಯಶ್ಚಿತ್ತವಿದೆ, ಅಂತರ್ಜಲಕ್ಕೆ ಅಂಥದಿಲ್ಲ. ಅದನ್ನು ಕೆಡದಂತೆ ನೋಡಿಕೊಳ್ಳುವುದೊಂದೇ ಉಪಾಯ.

ದೂರದ ಊರಿನಲ್ಲಿರುವ ನಾವು ಮಾಡಬಹುದಾದ ಒಂದು ಕೆಲಸವಿದೆ. ನಮ್ಮಲ್ಲಿ ಅನೇಕರ ಅಣ್ಣತಮ್ಮಂದಿರು ಸಹಕಾರಿ ಕಾರ್ಖಾನೆಗಳ ಶೇರುದಾರರು. ವಾರ್ಷಿಕ ಸಭೆಯಲ್ಲಿ ಕಬ್ಬಿನ ದರ ಕೇಳುವ ಜೊತೆಗೆ ಸುತ್ತಲಿನ ಬಾವಿಗಳ ನೀರನ್ನು ಹಂಗಾಮಿಗೆ ಮೊದಲೂ ನಂತರವೂ ಪರೀಕ್ಷಿಸಿದ ವರದಿಯನ್ನೂ ಅವರು ಕೇಳಲಿ. ರಜೆಗೆ ಊರಿಗೆ ಹೋದಾಗ ನಾವೂ ಒಂದು ಸ್ವಚ್ಛ ಸೀಸೆಯಲ್ಲಿ ಮನೆಯ ಬಾವಿಯ ಅಥವಾ ಕೊಳವೆಬಾವಿಯ ನೀರು ಹಿಡಿದು ಜಿಲ್ಲೆಯ ಪ್ರಯೋಗಾಲಯಕ್ಕೆ ಕೊಡೋಣ. ಬಂದ ಅಂಕಿಗಳನ್ನು ವಹಿಯಲ್ಲಿ ಬರೆದಿಡೋಣ. ವರ್ಷದಿಂದ ವರ್ಷಕ್ಕೆ ಬರೆದಿಟ್ಟ ಅಂಕಿಗಿಂತ ದೊಡ್ಡ ಸಾಕ್ಷಿ ಇನ್ನೊಂದಿಲ್ಲ. ೨೦೦೨ರಲ್ಲಿ ಅತ್ತೆಯ ಹತ್ತಿರ ಅದೊಂದು ಇರಲಿಲ್ಲ.

ಕಳೆದ ವರ್ಷ ಅವರ ಮೊಮ್ಮಗಳ ಬಾಣಂತನ ಮುಗಿದು ಗಂಗೆಪೂಜೆಯ ದಿನ ಬಂದಿತು. ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿತ್ತು. ಪೂಜೆಯನ್ನು ಅಂಗಳದ ನಳಕ್ಕೆ ಮಾಡಿದರು. ನಳಕ್ಕೆ ಅರಿಶಿನ-ಕುಂಕುಮ ಹಚ್ಚಿ ಮುಗಿದ ಮೇಲೆ ಅತ್ತೆ ಉಳಿದ ಹೂವನ್ನು ತೆಗೆದುಕೊಂಡು ಹೊಲಕ್ಕೆ ನಡೆದು, ಜಾಳಿಗೆಯ ಮೇಲಿಟ್ಟು ಬಂದರು.