ಕಾಬೂಲಿನ ಹೆಣ್ಣುಮಕ್ಕಳ ಶಾಲೆ

ಅಫ್ಘಾನಿಸ್ತಾನದಲ್ಲಿ ಹೆಣ್ಣುಮಕ್ಕಳ ಶಾಲೆಗೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ ಎಂದರೆ ಅನೇಕರಿಗೆ ಸೋಜಿಗವಾದೀತು. 1919ರಲ್ಲಿ ಪಟ್ಟಕ್ಕೆ ಬಂದ ದೊರೆ ಅಮಾನುಲ್ಲಾ ಖಾನ್ ಮತ್ತು ರಾಣಿ ಸುರಯ್ಯಾ 1921ರಲ್ಲಿ ಕಾಬೂಲಿನಲ್ಲಿ ‘ಮಸ್ತೂರಾತ್’ ಎಂಬ ಬಾಲಿಕೆಯರ ಶಾಲೆ ತೆರೆದರು. ಮಸ್ತೂರಾತ್ ಎಂದರೆ ಪರದೆಯ ಮರೆಯಲ್ಲಿರುವ ಹೆಂಗಸರು. ಪರದೆ ಇದ್ದಲ್ಲಿಯೇ ಇರಲಿ, ಅಕ್ಷರವಂತೂ ಒಳಗೆ ಹೋಗಲಿ ಎಂಬ ಜಾಣತನ ಆ ಹೆಸರಿನಲ್ಲಿದೆ.

ಆ ಜಾಣತನ ಬಹುಕಾಲ ಉಳಿಯಲಿಲ್ಲ. 1928ರಲ್ಲಿ ದೊರೆ ಕೆಲವು ಹುಡುಗಿಯರನ್ನು ಹೆಚ್ಚಿನ ಓದಿಗೆಂದು ಟರ್ಕಿಗೆ ಕಳಿಸಿದ. ಅದೇ ವರ್ಷದ ಕೊನೆಗೆ ಬುಡಕಟ್ಟುಗಳು ದಂಗೆಯೆದ್ದಾಗ, ಆ ಹುಡುಗಿಯರನ್ನು ವಾಪಸು ಕರೆಸಬೇಕೆಂಬುದೂ ಬೇಡಿಕೆಗಳಲ್ಲಿ ಒಂದಾಯಿತು. ಜನರ ನಿಜವಾದ ಸಂಕಟ ತೆರಿಗೆ ಮತ್ತು ಕಡ್ಡಾಯ ಸೈನ್ಯಸೇವೆ ಎಂದೇ ನನಗೆ ತೋರುತ್ತದೆ. ಆದರೆ ಶಾಲೆ ಊರಿನದಾಗಿರದೆ ಅರಮನೆಯದಾಗಿತ್ತು. ಅರಮನೆಯ ಮೇಲಿನ ಸಿಟ್ಟೆಲ್ಲ ಅದರ ಮೇಲೂ ಬಿತ್ತು. 1929ರ ಜನವರಿಯಲ್ಲಿ ಅಮಾನುಲ್ಲಾ ಸಿಂಹಾಸನ ಬಿಟ್ಟ. ಕಾಬೂಲನ್ನು ಹಿಡಿದ ಹಬೀಬುಲ್ಲಾ ಕಲಕಾನಿ ಶಾಲೆಗಳನ್ನು ಮುಚ್ಚಿಸಿದ.

ಮುಂದಿನ ದೊರೆಗಳು ಶಾಲೆಗಳನ್ನು ಮತ್ತೆ ತೆರೆದರು, ಆದರೆ ಬಹಳ ನಿಧಾನವಾಗಿ, ಅದೂ ಹೆಚ್ಚಾಗಿ ಪಟ್ಟಣಗಳಲ್ಲಿ. ಹಳ್ಳಿಯ ತಂದೆ ಮಗಳನ್ನು ಗಂಡು ಮೇಷ್ಟರ ಮುಂದೆ ಕೂರಿಸಲು ಒಪ್ಪುತ್ತಿರಲಿಲ್ಲ. ಹೆಣ್ಣು ಮೇಷ್ಟರು ಬೇಕೆಂದರೆ ಮೊದಲು ಹೆಣ್ಣುಮಕ್ಕಳು ಓದಿರಬೇಕಲ್ಲ! ಈ ತೊಡಕನ್ನು ಬಿಡಿಸಲು ಬೇಕಿದ್ದುದು ತಾಳ್ಮೆ. 1978ರಲ್ಲಿ ಅಧಿಕಾರ ಹಿಡಿದ ಕಮ್ಯುನಿಸ್ಟರಿಗೆ ಅದೇ ಇರಲಿಲ್ಲ. ಹೆಂಗಸರನ್ನು ಅಕ್ಷರ ಕಲಿಕೆಗೆ ಬಲವಂತದಿಂದ ಎಳೆತಂದದ್ದು 1979ರ ಮಾರ್ಚಿನ ಹೆರಾತ್ ದಂಗೆಗೆ ಒಂದು ಕಾರಣವೆಂದು ಹೇಳುತ್ತಾರೆ.

1996ರಲ್ಲಿ ಕಾಬೂಲಿಗೆ ಬಂದ ತಾಲಿಬಾನಿಗಳು ಹುಡುಗಿಯರ ಶಾಲೆಗಳನ್ನು ಮುಚ್ಚಿ, ಹೆಂಗಸರು ಕೆಲಸಕ್ಕೆ ಹೋಗುವುದನ್ನು ನಿಷೇಧಿಸಿದರು. ನಗರದ ಉಪಾಧ್ಯಾಯರಲ್ಲಿ ಹೆಂಗಸರೇ ಹೆಚ್ಚಾಗಿದ್ದುದರಿಂದ ಹುಡುಗರ ಪಾಠವೂ ಕೆಟ್ಟಿತು. ಹೆರಾತಿನಲ್ಲಿ ಹೆಂಗಸರು ಹೊಲಿಗೆ ಕಲಿಯುವ ನೆಪದಲ್ಲಿ ಒಂದು ಮನೆಗೆ ಹೋಗುತ್ತಿದ್ದರು. ಚೀಲದಲ್ಲಿ ಮೇಲೆ ಬಟ್ಟೆ, ಕತ್ತರಿ, ಅಡಿಯಲ್ಲಿ ನೋಟುಪುಸ್ತಕ. ಒಳಗೆ ಸಾಹಿತ್ಯದ ಪಾಠ ನಡೆಯುತ್ತಿದ್ದರೆ ಮಕ್ಕಳು ಹೊರಗೆ ಆಡುತ್ತಾ ಕಾವಲಿರುತ್ತಿದ್ದರು. ಆ ತರಗತಿಗೆ ‘ಚಿನ್ನದ ಸೂಜಿ’ ಎಂದು ಹೆಸರು.

2001ರ ನಂತರದ ಇಪ್ಪತ್ತು ವರ್ಷಗಳಲ್ಲಿ ಲಕ್ಷಾಂತರ ಹುಡುಗಿಯರು ಶಾಲೆ ಸೇರಿದರು. 2021ರಲ್ಲಿ ತಾಲಿಬಾನಿಗಳು ಮರಳಿದ ಮೇಲೆ ಆರನೇ ತರಗತಿಯಿಂದಾಚೆಯ ಬಾಗಿಲು ಮುಚ್ಚಿತು. 2022ರ ಮಾರ್ಚ್ 23ರಂದು ಪ್ರೌಢಶಾಲೆಗೆ ಬಂದ ಹುಡುಗಿಯರನ್ನು ಕೆಲವೇ ಗಂಟೆಗಳಲ್ಲಿ ಮನೆಗೆ ಅಟ್ಟಲಾಯಿತು. ಆ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳೂ ಮುಚ್ಚಿದವು. ಯುನೆಸ್ಕೋ 2024ರಲ್ಲಿ ಕೊಟ್ಟ ಲೆಕ್ಕದಂತೆ ಪ್ರೌಢಶಿಕ್ಷಣ ತಪ್ಪಿದವರು ಕನಿಷ್ಠ 14 ಲಕ್ಷ. ಅದೇ ವರ್ಷದ ಡಿಸೆಂಬರಿನಲ್ಲಿ ದಾದಿ ಮತ್ತು ಸೂಲಗಿತ್ತಿಯರ ತರಬೇತಿಯೂ ನಿಂತಿತು. ಹೆಂಗಸರನ್ನು ಗಂಡು ವೈದ್ಯರು ಮುಟ್ಟಬಾರದೆನ್ನುವ ಕಟ್ಟಳೆ ಅಲ್ಲಿನ ಹಲವು ಕಡೆಗಳಲ್ಲಿದೆ.