ಸೇಂದಿಯೊಳಗಿನ ಬಿಳಿ ಪುಡಿ

ಮಸ್ಕಿ ಅಂದ್ರೆ ಅಶೋಕನ ಶಾಸನ, ಲಿಂಗಸುಗೂರು ಅಂದ್ರೆ ಹಟ್ಟಿಯ ಚಿನ್ನ, ಸಿಂಧನೂರು ಅಂದ್ರೆ ಎಡದಂಡೆ ಕಾಲುವೆಯ ಭತ್ತ. ಹೊರಗಿನವರಿಗೆ ಈ ಮೂರು ತಾಲ್ಲೂಕುಗಳ ಪರಿಚಯ ಬಹುತೇಕ ಇಷ್ಟೇ. ಇವತ್ತು ನಾವು ಮಾತಾಡೋದು ಈಚಲು ಮರದ ಸೇಂದಿ ಬಗ್ಗೆ, ಮತ್ತು ರಾಯಚೂರು ಜಿಲ್ಲೆಯಲ್ಲಿ ಅದರೊಳಗೆ ಸೇರಿಕೊಂಡ ಒಂದು ಬಿಳಿ ಪುಡಿ ಬಗ್ಗೆ.

ಮರದಿಂದಲೇ ಶುರು ಮಾಡೋಣ. ಈಚಲಿನ ರಸ ಬೆಳಗಿನ ಜಾವ ಬರೀ ಸಿಹಿ ನೀರು, ಅದೇ ನೀರಾ. ಗಡಿಗೆಯಲ್ಲೂ ಗಾಳಿಯಲ್ಲೂ ಇರುವ ಯೀಸ್ಟ್ ಅದರ ಸಕ್ಕರೆಯನ್ನು ತಿಂದು ಇಥೈಲ್ ಆಲ್ಕೋಹಾಲ್ ಮಾಡುತ್ತದೆ. ಕೆಲವೇ ಗಂಟೆಗಳಲ್ಲಿ ನೊರೆ ಏಳುತ್ತೆ, ಹುಳಿ ವಾಸನೆ ಬರುತ್ತೆ, ಹೆಚ್ಚುಕಮ್ಮಿ ಬಿಯರಿನಷ್ಟು ಮತ್ತು ಬರುತ್ತೆ. ಇನ್ನೂ ಹಾಗೇ ಬಿಟ್ಟರೆ ವಿನೆಗರ್ ಆಗುತ್ತೆ. ಅಂದ್ರೆ ಅಸಲಿ ಸೇಂದಿಯನ್ನು ದಾಸ್ತಾನು ಮಾಡೋಕಾಗಲ್ಲ, ದೂರ ಸಾಗಿಸೋಕೂ ಆಗಲ್ಲ. ಒಂದು ಮರ ದಿನಕ್ಕೆ ಕೊಡೋದು ಕೆಲವೇ ಲೀಟರ್, ಅದೂ ಮುಖ್ಯವಾಗಿ ಚಳಿಗಾಲದಲ್ಲಿ. ಆದರೆ ಕುಡಿಯುವವನಿಗೆ ವರ್ಷಪೂರ್ತಿ ಬೇಕಲ್ಲ?

ಮಾರುವವನಿಗೂ ಬೇಕು. ರಾಯಚೂರು ದೋಆಬ್ 1853ರಲ್ಲಿ ನಿಜಾಮನಿಂದ ಬ್ರಿಟಿಷರ ಕೈಗೆ ಹೋಗಿ 1860ರಲ್ಲಿ ವಾಪಸ್ ಬಂತು. ಲಿಂಗಸುಗೂರು ಆಗ ದಂಡು ಇದ್ದ ಊರು. ನಿಜಾಮನ ಖಜಾನೆಗೆ ಅಬಕಾರಿ ದೊಡ್ಡ ಆದಾಯ. ಸೇಂದಿ, ಸಾರಾಯಿ ಮಾರುವ ಹಕ್ಕನ್ನು ಗುತ್ತಿಗೆಗೆ ಕೊಡುವುದು ಪದ್ಧತಿ. ಮರ ರಸ ಕೊಟ್ಟರೂ ಬಿಟ್ಟರೂ ಗುತ್ತಿಗೆದಾರನಿಗೆ ಕಟ್ಟಿದ ದುಡ್ಡು ಹುಟ್ಟಬೇಕು. ನಿಜಾಮ ಹೋದ, 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಅಬಕಾರಿಯ ಲೆಕ್ಕಾಚಾರ ಮಾತ್ರ ಹಾಗೇ ಉಳೀತು.

ಈಗ ಆ ಪುಡಿಗೆ ಬರೋಣ. ಪೇಪರಿನಲ್ಲಿ ನೀವು ಓದೋ ‘ಸಿಎಚ್ ಪೌಡರ್’ ಅಂದ್ರೆ ಕ್ಲೋರಲ್ ಹೈಡ್ರೇಟ್. ಇದರ ಹುಟ್ಟೇ ವಿಚಿತ್ರ. 1832ರಲ್ಲಿ ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್ ಅನ್ನೋ ರಸಾಯನ ವಿಜ್ಞಾನಿ ಆಲ್ಕೋಹಾಲಿನೊಳಗೆ ಕ್ಲೋರಿನ್ ಅನಿಲ ಹಾಯಿಸಿ ಇದನ್ನು ಪಡೆದ. 1869ರಲ್ಲಿ ಬರ್ಲಿನ್ನಿನ ಆಸ್ಕರ್ ಲೀಬ್ರೈಖ್ ಇದು ನಿದ್ದೆ ಬರಿಸುತ್ತೆ ಅಂತ ತೋರಿಸಿದ. ಯುರೋಪಿನ ಆಸ್ಪತ್ರೆಗಳ ನಿದ್ದೆ ಔಷಧ ಕೊನೆಗೆ ನಮ್ಮ ಕಡೆಯ ಸೇಂದಿ ಕೊಡಕ್ಕೆ ಬಂದು ಬಿತ್ತು. ನೀರು, ಸ್ಯಾಕರಿನ್, ಈ ಪುಡಿ ಇದ್ದರೆ ಮರವೇ ಬೇಡ.

ದೇಹದೊಳಗೆ ಏನಾಗುತ್ತೆ? ಲಿವರಿನಲ್ಲಿ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಅನ್ನೋ ಕಿಣ್ವ ಇದೆ. ಅದು ಮದ್ಯವನ್ನು ಅಸಿಟಾಲ್ಡಿಹೈಡ್ ಮಾಡುತ್ತೆ. ಇದು ಕ್ಯಾನ್ಸರ್‌ಕಾರಕ ವಿಷ. ಇನ್ನೊಂದು ಕಿಣ್ವ ಅದನ್ನು ನಿರುಪದ್ರವಿ ಅಸಿಟೇಟ್ ಮಾಡುತ್ತೆ. ಕ್ಲೋರಲ್ ಹೈಡ್ರೇಟನ್ನು ಟ್ರೈಕ್ಲೋರೋಎಥನಾಲ್ ಆಗಿ ಬದಲಿಸೋದೂ ಆ ಮೊದಲ ಕಿಣ್ವವೇ, ಮತ್ತು ನಿಜವಾದ ಅಮಲು ಇರೋದು ಈ ಟ್ರೈಕ್ಲೋರೋಎಥನಾಲಿನಲ್ಲಿ. ಜೊತೆಗೆ ಮದ್ಯ ಇದ್ದರೆ ಅದು ಇನ್ನೂ ಬೇಗ ತಯಾರಾಗುತ್ತೆ. ತಯಾರಾದ ಮೇಲೆ ಮದ್ಯ ಕರಗೋದನ್ನೇ ನಿಧಾನ ಮಾಡುತ್ತೆ. ಎರಡೂ ಮಿದುಳನ್ನು ಮಂಕು ಮಾಡುವಂಥವು. ಪ್ರಮಾಣ ಹೆಚ್ಚಾದರೆ ಉಸಿರಾಟ ಕುಗ್ಗುತ್ತೆ, ಹೃದಯದ ಬಡಿತ ತಪ್ಪುತ್ತೆ.

1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಕೊಂದ ಕಳ್ಳಭಟ್ಟಿಯಲ್ಲಿದ್ದದ್ದು ಮೆಥನಾಲ್. ಅದನ್ನು ಕಣ್ಣು ಕಳೆಯುವ ಫಾರ್ಮಿಕ್ ಆಮ್ಲದತ್ತ ತಳ್ಳೋದೂ ಇದೇ ಕಿಣ್ವ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧ ಆಯ್ತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ ಪ್ಯಾಕೆಟ್ ಬಂತು. ಲೆಕ್ಕ ಹಾಕಿ ನೋಡ್ರಿ: 90 ಮಿಲಿಯ ಒಂದು ಪ್ಯಾಕೆಟ್, ಶೇ 42.8 ಮದ್ಯ, ಅಂದ್ರೆ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್. ಲಿವರ್ ಗಂಟೆಗೆ ಕರಗಿಸೋದು ಏಳೆಂಟು ಗ್ರಾಂ. ಸಂಜೆ ಎರಡು ‘ನೈಂಟಿ’ ಹಾಕಿದವನ ರಕ್ತದಲ್ಲಿ ನಡುರಾತ್ರಿ ದಾಟಿದರೂ ಮದ್ಯ ಇರುತ್ತೆ. ಆ ರಾತ್ರಿ ಹೇಗಿರುತ್ತೆ ಅಂತ ಮನೆಯ ಹೆಣ್ಮಕ್ಕಳಿಗೆ ಗೊತ್ತು. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದವರಲ್ಲಿ ರಾಯಚೂರು ಜಿಲ್ಲೆಯ ಕೂಲಿ ಹೆಣ್ಮಕ್ಕಳು ಮುಂದಿದ್ದರು. ಅವರ ಸಿಟ್ಟು ನ್ಯಾಯವಾದದ್ದು.

ಆದರೆ ಅಂಗಡಿ ಮುಚ್ಚಿದ ಮರುದಿನದ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ವರ್ಷಗಟ್ಟಲೆ ಅಮಲಿನಲ್ಲಿ ಅದುಮಿಟ್ಟ ಮಿದುಳು, ಅಮಲು ತಟ್ಟನೆ ನಿಂತರೆ ಹುಚ್ಚೆದ್ದು ಓಡುತ್ತೆ: ಕೈ ನಡುಕ, ನಿದ್ದೆ ಇಲ್ಲ, ಫಿಟ್ಸ್, ಇಲ್ಲದ್ದು ಕಾಣೋದು. 2020ರ ಲಾಕ್‌ಡೌನಿನಲ್ಲಿ ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಗೆ ಇಂಥವರು ಸಾಲುಗಟ್ಟಿ ಬಂದರು. ಮನೆಯವರು ಇದನ್ನು ದೆವ್ವ ಅಂದ್ಕೋತಾರೆ, ಕಟ್ಟಿ ಹಾಕ್ತಾರೆ. ಫಿಟ್ಸ್ ಬಂದು ಜೀವ ಹೋಗಬಹುದು. ಆಸ್ಪತ್ರೆಯಲ್ಲಾದರೆ ಮಾತ್ರೆ ಕೊಟ್ಟು, ದಿನದಿನಕ್ಕೆ ಇಳಿಸಿ, ಬಿ1 ವಿಟಮಿನ್ ಕೊಟ್ಟು ಒಂದೆರಡು ವಾರದಲ್ಲಿ ದಾಟಿಸ್ತಾರೆ. ಹಾಗಾಗಿ ದಿನಾ ಕುಡಿಯೋರು ಬಿಡಬೇಕು ಅಂದ್ಕೊಂಡ್ರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಇಲ್ಲವೇ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.