ಫೇಟಿಯಾದಿಂದ ಸೀರೆಗೆ: ಸಾಸ್ವೆಹಳ್ಳಿ ಸೀಮೆಯಲ್ಲಿ ಉದ್ಯೋಗದ ಉಡುಪು

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ ಹೋಬಳಿ ಕೇಂದ್ರ. ಹೋಬಳಿ ಎಂದಮೇಲೆ ನಾಡಕಚೇರಿ, ಶಾಲೆ, ಆಸ್ಪತ್ರೆಗಳಿಗೆ ಸುತ್ತಲ ಹಳ್ಳಿ, ಲಂಬಾಣಿ ತಾಂಡಾಗಳ ಜನ ಬಂದುಹೋಗುತ್ತಲೇ ಇರುತ್ತಾರೆ. ಅಲ್ಲಿ ನೌಕರರು ಯಾರು, ಅರ್ಜಿ ಹಿಡಿದು ಬಂದವರು ಯಾರು ಎಂಬುದನ್ನು ಮಾತಿಗೆ ಮೊದಲು ಬಟ್ಟೆ ಹೇಳುತ್ತದೆ. ನೌಕರಿಗೆ ಒಪ್ಪುವ ಉಡುಪಿನ ಮಹತ್ವವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಉಡುಪನ್ನು ಮುಟ್ಟಲು ಪ್ರತಿಯೊಬ್ಬರೂ ತಮ್ಮ ಮನೆಯ ಉಡುಪಿನಿಂದ ಎಷ್ಟು ದೂರ ನಡೆಯಬೇಕಾಯಿತು ಎಂಬ ಪ್ರಶ್ನೆಯನ್ನು ನಾವು ಕೇಳಿದ್ದು ಕಡಿಮೆ. ಈ ದೂರ ಎಲ್ಲರಿಗೂ ಒಂದೇ ಅಲ್ಲ ಎಂಬುದೇ ಈ ಲೇಖನದ ವಾದ.

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1956ರ ತಮ್ಮ ಗ್ರಂಥದಲ್ಲಿ ದೈನಂದಿನ ವ್ಯವಹಾರವನ್ನು ರಂಗಪ್ರದರ್ಶನದಂತೆ ಕಂಡು, ಅದರಲ್ಲಿ ವೇಷಭೂಷಣಕ್ಕಿರುವ ಪಾತ್ರವನ್ನು ವಿವರಿಸಿದರು. ವೈದ್ಯರ ಬಿಳಿ ಕೋಟು ತೊಟ್ಟವರ ಏಕಾಗ್ರತೆ ಹೆಚ್ಚುತ್ತದೆ ಎಂದು 2012ರಲ್ಲಿ ಪ್ರಕಟವಾದ ಪ್ರಯೋಗ ಪ್ರಸಿದ್ಧವಾಯಿತು. 2019ರಲ್ಲಿ ಅದನ್ನು ಮತ್ತೆ ಮಾಡಿ ನೋಡಿದವರಿಗೆ ಅದೇ ಫಲಿತಾಂಶ ಸಿಗಲಿಲ್ಲ. ಈ ಎರಡೂ ಬಗೆಯ ಚರ್ಚೆ ತೊಟ್ಟ ಬಟ್ಟೆಯ ಪರಿಣಾಮವನ್ನು ನೋಡುತ್ತದೆ. ಕಳಚಿಟ್ಟ ಬಟ್ಟೆಯ ಕಡೆಗೆ ತಿರುಗುವುದಿಲ್ಲ.

ಹಳೆಯ ಮೈಸೂರಿನ ಅಧಿಕಾರಿಗೆ ದರ್ಬಾರಿನಲ್ಲಿ ಕಪ್ಪು ನಿಲುವಂಗಿ, ಬಿಳಿ ಷರಾಯಿ, ಜರಿಪೇಟ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಸೂಟು ಮತ್ತು ಪೇಟ ಅವರ ಶಿಸ್ತಿನ ಇನ್ನೊಂದು ಹೆಸರೇ ಆಗಿಹೋಯಿತು. ಹಳ್ಳಿಯ ಶಾನುಭೋಗರಿಗೆ ಇಷ್ಟೆಲ್ಲ ಬೇಕಿರಲಿಲ್ಲ. ಮನೆಯ ಕಚ್ಚೆಪಂಚೆಯ ಮೇಲೆ ಒಂದು ಕೋಟು, ತಲೆಗೆ ರುಮಾಲು. ಹುದ್ದೆಯೂ ವಂಶದ್ದು, ಉಡುಪೂ ವಂಶದ್ದು. ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳು ಹೋದವು. ಲೆಕ್ಕದ ಪುಸ್ತಕ ಪ್ಯಾಂಟು-ಶರಟು ತೊಟ್ಟ, ಯಾವ ಜಾತಿಯವನೂ ಆಗಬಹುದಾದ ಸರ್ಕಾರಿ ನೌಕರನ ಕೈಗೆ ಬಂತು. ಇದನ್ನು ಬರಿಯ ಪಾಶ್ಚಾತ್ಯ ಅನುಕರಣೆ ಎಂದು ತಳ್ಳಿಹಾಕುವವರನ್ನು ನಾನು ಒಪ್ಪಲಾರೆ. ಉಟ್ಟ ರೀತಿಯಿಂದಲೇ ಜಾತಿ ಗುರುತಿಸುತ್ತಿದ್ದ ಊರಿನಲ್ಲಿ ಇಸ್ತ್ರಿ ಮಾಡಿದ ಶರಟು ಎಷ್ಟೋ ಮನೆಯ ಮೊದಲ ಅಕ್ಷರಸ್ಥನಿಗೆ ಬಲ ತಂದಿತು.

ಲಂಬಾಣಿ ಹೆಣ್ಣುಮಕ್ಕಳ ಪಾಲಿಗೆ ಆದದ್ದು ಬೇರೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಸೀಮೆಯಲ್ಲಿ ತಾಂಡಾಗಳು ಬಹಳ; ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬುವ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ಅವರ ಮನೆಯ ಉಡುಪೆಂದರೆ ನೆರಿಗೆ ತುಂಬಿದ ಲಂಗ ಫೇಟಿಯಾ, ಬೆನ್ನಿಗೆ ದಾರ ಕಟ್ಟುವ ರವಿಕೆ ಕಾಂಚಳಿ, ತಲೆಯ ಮೇಲಿನ ಹೊದಿಕೆ ಟುಕ್ರಿ. ಬಟ್ಟೆಯ ತುಂಬ ಕನ್ನಡಿ ಚೂರು, ಕವಡೆ, ನಾಣ್ಯ. ಒಂದೊಂದು ಚೂರಿನ ಸುತ್ತಲೂ ದಾರದ ಬಿಗಿ ಹೊಲಿಗೆ. ತೋಳಿನ ಬಳೆ, ಕೆನ್ನೆಯ ಪಕ್ಕಕ್ಕೆ ಇಳಿಬೀಳುವ ಆಭರಣಗಳನ್ನು ನೋಡಿ ಮುತ್ತೈದೆ ಹೌದೋ ಅಲ್ಲವೋ ತಿಳಿಯುತ್ತಿತ್ತು. ಪರಿಶಿಷ್ಟ ಜಾತಿಯ ಮೀಸಲಾತಿಯಿಂದ ಶಾಲೆ, ಕಚೇರಿಗಳಿಗೆ ಬಂದ ಮಗಳು ಇದೆಲ್ಲವನ್ನೂ ಮನೆಯಲ್ಲೇ ಬಿಟ್ಟು ಬಂದಳು. ಅಣ್ಣ ಪಂಚೆಯಿಂದ ಪ್ಯಾಂಟಿಗೆ ದಾಟಿದಾಗ ಅವನ ಮದುವೆ, ಕುಲ, ಮನೆತನದ ಗುರುತು ಅದರೊಂದಿಗೆ ಹೋಗಲಿಲ್ಲ. ತಂಗಿಗೆ ಹೋಯಿತು. ಅವಳು ಉಟ್ಟ ಸೀರೆ ನಮ್ಮ ಕಣ್ಣಿಗೆ ಎಲ್ಲರ ಉಡುಪು. ತಾಂಡಾದ ಕಣ್ಣಿಗೆ ಅದು ಊರಿನವರ ಉಡುಪು.

ಇದನ್ನು ಬರೀ ನಷ್ಟವೆಂದು ಬರೆದರೂ ತಪ್ಪಾಗುತ್ತದೆ. ಫೇಟಿಯಾ ಭಾರ, ಒಗೆಯುವುದು ಕಷ್ಟ, ಹೊಲಿಯಲು ತಿಂಗಳುಗಟ್ಟಲೆ ಬೇಕು. ಬಸ್ಸಿನಲ್ಲಿ ದಿಟ್ಟಿಸುವ ಕಣ್ಣುಗಳಿಂದ ಪಾರಾಗಲು ಸೀರೆಯನ್ನು ತಾವಾಗಿಯೇ ಆರಿಸಿಕೊಂಡವರ ನೆಮ್ಮದಿಯೂ ನಿಜ. ಆದರೆ ದಿಟ್ಟಿಸುವ ಕಣ್ಣು ಬದಲಾಗದೆ ಬಟ್ಟೆ ಮಾತ್ರ ಬದಲಾಯಿತು.

ಸಮವಸ್ತ್ರ ಕೊಟ್ಟಮಾತ್ರಕ್ಕೆ ಸ್ಥಾನ ಸಿಕ್ಕಂತಲ್ಲ ಎಂಬುದಕ್ಕೆ ಆಶಾ ಕಾರ್ಯಕರ್ತೆಯರೇ ಸಾಕ್ಷಿ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಇವರು ಗುಲಾಬಿ ಸೀರೆಯಲ್ಲಿ ಮನೆಬಾಗಿಲಿಗೆ ಬಂದರೆ ಬಾಣಂತಿಯ ಅತ್ತೆಯೂ ಒಳಗೆ ಕರೆಯುತ್ತಾರೆ. ಸರ್ಕಾರ ಮಾತ್ರ ಅವರಿಗೆ ಕೊಡುವುದನ್ನು ಸಂಬಳ ಎನ್ನದೆ ಗೌರವಧನ ಎನ್ನುತ್ತದೆ.

2023ರ ಜುಲೈನಲ್ಲಿ ಹಂಪಿಯ ಜಿ-20 ಸಂಸ್ಕೃತಿ ಸಭೆಯ ವೇಳೆ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಅದೇ ಹೊಲಿಗೆ ದಿಂಬಿನ ಮೇಲೆ, ಕೈಚೀಲದ ಮೇಲೆ ಮೆಚ್ಚುಗೆ ಪಡೆಯುತ್ತದೆ. ಮೇಜಿನ ಹಿಂದೆ ಕುಳಿತ ಗುಮಾಸ್ತೆಯ ಮೈಮೇಲೆ ಕಾಣುವುದಿಲ್ಲ.

ಉಡುಪಿನ ನಿಯಮಗಳು ಕಲ್ಲಿನ ಶಾಸನಗಳಲ್ಲ. ಬೇಸಿಗೆಯಲ್ಲಿ ಸುಪ್ರೀಂ ಕೋರ್ಟು, ಹೈಕೋರ್ಟುಗಳ ಹೊರತು ಉಳಿದೆಡೆ ವಕೀಲರಿಗೆ ಕರಿಕೋಟು ಕಡ್ಡಾಯವಲ್ಲ ಎಂದು ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಕರ್ನಾಟಕದ ಪೊಲೀಸ್ ಕಾನ್‌ಸ್ಟೆಬಲ್‌ಗಳ ಅಗಲ ಅಂಚಿನ ಟೋಪಿಯ ಜಾಗಕ್ಕೆ 2025ರ ಅಕ್ಟೋಬರಿನಲ್ಲಿ ಹೊಸ ಟೋಪಿ ಬಂತು. ಸೆಕೆಗೆ, ಅನುಕೂಲಕ್ಕೆ ಮಣಿಯುವ ನಿಯಮ ತಾಂಡಾದ ಮಗಳಿಗೂ ಮಣಿಯಬೇಕು. ಕಚೇರಿ ಕೇಳಬಹುದಾದದ್ದು ಶುಚಿ, ಗುರುತಿನ ಚೀಟಿ ಮತ್ತು ಕೆಲಸಕ್ಕೆ ಅಡ್ಡಿಯಾಗದ ಬಟ್ಟೆ. ಲಸಿಕೆ ಹಾಕುವ ಕೈಗೆ ತೋಳುದ್ದದ ಬಳೆ ಬೇಡವೆಂದರೆ ಅದರಲ್ಲಿ ನ್ಯಾಯವಿದೆ. ಹಾಜರಿ ಕರೆಯುವ ಶಿಕ್ಷಕಿಯ ತಲೆಯ ಮೇಲೆ ಟುಕ್ರಿ ಇರಬಾರದು ಎನ್ನಲು ಯಾವ ಕಾರಣವೂ ನನಗೆ ಕಾಣುವುದಿಲ್ಲ.